ಕುಂಡದ ಡೇರೆ ಹೂವು ಬಿಡುತ್ತಿಲ್ವಾ? ಗೊಬ್ಬರಕ್ಕೆ ಕೈ ಹಾಕುವ ಮೊದಲು ಹೀಗೆ ಪರೀಕ್ಷೆ ಮಾಡಿ

ಪ್ರತಿ ವರ್ಷ ಚೌತಿ ಹತ್ತಿರ ಬಂದಾಗ ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರುತ್ತವೆ. ಕುಂಡದ ತುಂಬ ಸೊಂಪಾದ ಡೇರೆ, ಅಂದರೆ ಡೇಲಿಯಾ ಗಿಡ. ಎಲೆ ಕಡುಹಸಿರು. ಹೂವು ಮಾತ್ರ ಒಂದೋ ಎರಡೋ. ಫೋಟೋದ ಕೆಳಗೆ ಪ್ರಶ್ನೆಯೂ ಒಂದೇ: "ಏನು ಗೊಬ್ಬರ ಹಾಕಲಿ?"

ಹತ್ತರಲ್ಲಿ ಏಳೆಂಟು ಸಲ ನನ್ನ ಉತ್ತರ, "ಸದ್ಯಕ್ಕೆ ಏನೂ ಹಾಕಬೇಡಿ." ಕೇಳಿದವರಿಗೆ ಬೇಜಾರಾಗುತ್ತದೆ. ಆದರೆ ಹೂವು ಕಡಿಮೆ ಆಗುವುದಕ್ಕೆ ಹಸಿವು ಒಂದೇ ಕಾರಣ ಅಲ್ಲ. ಬಿಸಿಲು, ಚಿವುಟದೆ ಬಿಟ್ಟ ಕುಡಿ, ಕತ್ತರಿಸದೆ ಬಿಟ್ಟ ಬಾಡಿದ ಹೂವು, ನೆಟ್ಟ ತಿಂಗಳು, ಕುಂಡದ ತಳದ ತೂತು, ಹೀಗೆ ಕಾರಣ ಎಲ್ಲಿ ಬೇಕಾದರೂ ಇರಬಹುದು. ಗೊಬ್ಬರ ಹಾಕಿದರೆ ಇದರಲ್ಲಿ ಒಂದೂ ಸರಿಹೋಗುವುದಿಲ್ಲ. ಕೆಲವು ಇನ್ನೂ ಹಾಳಾಗುತ್ತವೆ.

ನನ್ನ ತವರು ಶಿರಸಿ ಕಡೆ. ಅಲ್ಲಿ ಮಳೆಗಾಲ ಅಂದರೆ ಡೇರೆ ಕಾಲ. ಅಂಗಳದ ಸುತ್ತ, ಕಟ್ಟೆಯ ಮೇಲೆ, ಹಳೇ ಸಿಮೆಂಟ್ ಚೀಲದಲ್ಲಿ, ಎಲ್ಲೆಲ್ಲೂ ಡೇರೆ. ಈಗ ನಾನಿರುವುದು ಬೆಂಗಳೂರಲ್ಲಿ, ಡೇರೆ ಬೆಳೆಸುವುದು ಟೆರೇಸ್ ಮೇಲೆ. ಅಮ್ಮನ ಮನೆಯ ಗೆಡ್ಡೆಗಳನ್ನೇ ತಂದು ನೆಟ್ಟೆ. ಒಂದೇ ಗೆಡ್ಡೆಯ ಗಿಡಗಳಿಗೆ ಎರಡು ಊರಲ್ಲಿ ಎರಡು ಬೇರೆ ಬೇರೆ ತೊಂದರೆ ಬರುವುದನ್ನು ಆಗ ನೋಡಿದೆ. ಅದಕ್ಕೇ ಈ ಬರಹದಲ್ಲಿ ಎರಡೂ ಕಡೆಯ ಮಾತು ಬರುತ್ತದೆ.

ಮೊದಲು ನಾಲ್ಕು ಪರೀಕ್ಷೆ

ಒಂದು ದಿನ ಬಿಡುವು ಮಾಡಿಕೊಳ್ಳಿ. ಬೆಳಿಗ್ಗೆ 9, ಮಧ್ಯಾಹ್ನ 12, ಮತ್ತೆ 3 ಗಂಟೆಗೆ ಗಿಡದ ಹತ್ತಿರ ಹೋಗಿ. ಗಿಡದ ಮೇಲೆ ನೇರ ಬಿಸಿಲು ಇದೆಯಾ, ಬರೀ ಬೆಳಕು ಇದೆಯಾ ನೋಡಿ. ನೆರಳಿನ ಅಂಚು ಚೂಪಾಗಿ ಬಿದ್ದರೆ ಅದು ಬಿಸಿಲು. ನೆರಳು ಮಸುಕಾಗಿದ್ದರೆ ಅದು ಬರೀ ಬೆಳಕು. ಡೇರೆಗೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು.

ಎರಡನೆಯದು ಮಣ್ಣು. ಬೆರಳನ್ನು ಎರಡು ಗಣ್ಣು ಒಳಗೆ ಇಳಿಸಿ. ಒದ್ದೆಯಾ, ತೇವವಾ, ಒಣಗಿದೆಯಾ? ಆಮೇಲೆ ಕುಂಡ ಎತ್ತಿ ತಳ ನೋಡಿ. ತೂತು ಮುಚ್ಚಿದೆಯಾ? ಬೇರು ಹೊರಗೆ ಬಂದಿದೆಯಾ?

ಮೂರನೆಯದು ಕಾಂಡ. ಬುಡದಿಂದ ಎಷ್ಟು ಕವಲು ಹೊರಟಿವೆ ಎಣಿಸಿ. ಒಂದೇ ಕೋಲಾ, ನಾಲ್ಕೈದು ಕವಲಾ?

ನಾಲ್ಕನೆಯದು ಬಿಳಿ ಹಾಳೆ. ಒಂದು ಮೊಗ್ಗು ಅಥವಾ ಅರ್ಧ ಅರಳಿದ ಹೂವಿನ ಕೆಳಗೆ ಹಾಳೆ ಹಿಡಿದು ಎರಡು ಸಲ ತಟ್ಟಿ. ಕಣ್ಣಿಗೆ ಕಂಡೂ ಕಾಣದ ಹಾಗೆ ಸಣ್ಣ ಗೀರಿನಂಥ ಹುಳಗಳು ಓಡಿದರೆ ಅದು ಥ್ರಿಪ್ಸ್. ಎಲೆಯ ಕೆಳಗೂ ಹೀಗೇ ತಟ್ಟಿ ನೋಡಿ. ಧೂಳಿನ ಕಣದಂಥ ಚುಕ್ಕಿಗಳು ನಿಧಾನ ಹರಿದಾಡಿದರೆ ಅದು ನುಸಿ.

ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಈಗ ನಿಮ್ಮ ಗಿಡದ ಲಕ್ಷಣಕ್ಕೆ ಬನ್ನಿ.

ಎಲೆ ಜಾಸ್ತಿ, ಮೊಗ್ಗೇ ಇಲ್ಲ

ಎಲ್ಲಕ್ಕಿಂತ ಹೆಚ್ಚು ಜನ ಹೇಳುವ ದೂರು ಇದು. ಇದಕ್ಕೆ ಎರಡು ಕಾರಣ ಇರುತ್ತದೆ. ಒಂದು ನೆರಳು, ಇನ್ನೊಂದು ಸಾರಜನಕ. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಹಾಗಾಗಿ ಜನ ತಪ್ಪು ಕಡೆ ಹೋಗುತ್ತಾರೆ.

ಬೇರೆ ಮಾಡಿ ನೋಡುವುದು ಹೀಗೆ. ಒಂದು ಎಲೆ ಜೋಡಿಯಿಂದ ಮುಂದಿನ ಎಲೆ ಜೋಡಿಗೆ ಎಷ್ಟು ದೂರ ಇದೆ ನೋಡಿ. ಗಣ್ಣುಗಳ ನಡುವೆ ಗೇಣುದ್ದ ಜಾಗ, ಕಾಂಡ ತೆಳು, ಗಿಡ ಒಂದೇ ಕಡೆ ವಾಲಿದೆ ಅಂದರೆ ಅದು ಬೆಳಕಿಗೆ ಹುಡುಕಾಡುತ್ತಿದೆ. ಕಾರಣ ನೆರಳು. ಗಣ್ಣುಗಳು ಹತ್ತಿರ ಇವೆ, ಕಾಂಡ ದಪ್ಪ ಮತ್ತು ಮೆತ್ತಗೆ, ಎಲೆ ಕಪ್ಪು ಎನ್ನುವಷ್ಟು ಹಸಿರು, ಎಲೆಯ ಅಂಚು ಕೆಳಕ್ಕೆ ಬಾಗಿದೆ ಅಂದರೆ ಸಾರಜನಕ ಜಾಸ್ತಿಯಾಗಿದೆ.

ನೆರಳಿನ ವಿಷಯದಲ್ಲಿ ಮಲೆನಾಡಿನವರಿಗೆ ಒಂದು ವಿಶೇಷ ತೊಂದರೆ ಇದೆ. ಆರಿದ್ರಾ, ಪುನರ್ವಸು ಮಳೆ ಹೊಡೆತಕ್ಕೆ ಗಿಡ ಮುರಿದೀತು ಅಂತ ಕುಂಡಗಳನ್ನು ಮಾಡಿನ ಕೆಳಗೆ ಎಳೆದಿಡುತ್ತೇವೆ. ಮಳೆಯಿಂದ ಗಿಡ ಉಳಿಯುತ್ತದೆ. ಆದರೆ ಮೊದಲೇ ಮೋಡ ಕವಿದ ಆಕಾಶ, ಅದರ ಮೇಲೆ ಮಾಡಿನ ನೆರಳು. ಗಿಡಕ್ಕೆ ಬೆಳಕೇ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ಅಂಗಳದಲ್ಲಿ ನಾಲ್ಕು ಕಂಬ ನೆಟ್ಟು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಟ್ಟಿದೆವು. ಮೊದಲ ವರ್ಷ ಹೂವೋ ಹೂವು. ಎರಡನೇ ವರ್ಷ ಅದೇ ಗೆಡ್ಡೆ, ಅದೇ ಜಾಗ, ಹೂವು ಅರ್ಧಕ್ಕೆ ಇಳಿಯಿತು. ಏನೇನೋ ಹುಡುಕಿದೆವು. ಕೊನೆಗೆ ಅಮ್ಮ ತಲೆ ಎತ್ತಿ ನೋಡಿದರು. ಹಾಳೆಯ ಮೇಲೆ ಹಸಿರು ಪಾಚಿ ಕಟ್ಟಿತ್ತು! ತೊಳೆದು ಹದಿನೈದು ಇಪ್ಪತ್ತು ದಿನದಲ್ಲಿ ಮೊಗ್ಗು ಕಾಣಿಸಿತು. ಅಂದಿನಿಂದ ಪ್ರತಿ ಮೇ ತಿಂಗಳು ಮೊದಲು ಹಾಳೆ ಉಜ್ಜುತ್ತೇವೆ, ಆಮೇಲೆ ಗೆಡ್ಡೆ ನೆಡುತ್ತೇವೆ.

ಬಯಲುಸೀಮೆಯಲ್ಲಿ, ಮುಖ್ಯವಾಗಿ ಬೆಂಗಳೂರಿನಂಥ ಊರಲ್ಲಿ, ಬಾಲ್ಕನಿಯೇ ನೆರಳಿಗೆ ಕಾರಣ. ಮೂಡಣ ದಿಕ್ಕಿನ ಬಾಲ್ಕನಿಯಲ್ಲಿ ಮೂರು ನಾಲ್ಕು ಗಂಟೆ ಬಿಸಿಲು ಸಿಕ್ಕರೆ ಹೆಚ್ಚು. ಅಲ್ಲಿ ದೊಡ್ಡ ಜಾತಿ ಬಿಟ್ಟು ಗಿಡ್ಡ ಜಾತಿಯ, ಸಣ್ಣ ಹೂವಿನ ಡೇರೆ ಇಡಿ. ಇಲ್ಲವೇ ಟೆರೇಸಿಗೆ ಹೊತ್ತೊಯ್ಯಿರಿ. ಬೇರೆ ದಾರಿ ಇಲ್ಲ. ಬಿಸಿಲಿಗೆ ಬದಲಿ ಅನ್ನುವಂಥ ಗೊಬ್ಬರ ಯಾವುದೂ ಇಲ್ಲ.

ಇನ್ನು ಸಾರಜನಕ. ಡೇರೆಯನ್ನು ತುಂಬ ಪ್ರೀತಿಯಿಂದ ನೋಡಿಕೊಳ್ಳುವವರ ಮನೆಯಲ್ಲೇ ಇದು ಜಾಸ್ತಿ. ನಾನೂ ಮಾಡಿದ ತಪ್ಪಿದು. ಬೆಂಗಳೂರಿನ ಮೊದಲ ವರ್ಷ ಹತ್ತು ದಿನಕ್ಕೊಮ್ಮೆ ಶೇಂಗಾ ಹಿಂಡಿ ನೆನೆಸಿದ ನೀರು ಹಾಕಿದೆ. ಜೊತೆಗೆ ಅಡುಗೆಮನೆಯ ಕಾಂಪೋಸ್ಟ್. ಹನ್ನೆರಡು ಕುಂಡದಲ್ಲಿ ಗಿಡ ಎದೆಯೆತ್ತರ ಬಂತು, ಡಿಸೆಂಬರ್ ಮುಗಿಯುವವರೆಗೆ ಬಿಟ್ಟ ಹೂವು ಒಟ್ಟು ಒಂಬತ್ತು. ಹಿಂಡಿಯಲ್ಲಿ, ಗೋಬರ್ ಗ್ಯಾಸ್ ಸ್ಲರಿಯಲ್ಲಿ, ಹಸಿ ಸೆಗಣಿ ನೀರಿನಲ್ಲಿ, ಯೂರಿಯಾದಲ್ಲಿ ಸಾರಜನಕ ಹೆಚ್ಚು. ಅದು ಎಲೆ ಮತ್ತು ಕಾಂಡದ ಊಟ. ಗಿಡ ಚಿಕ್ಕದಿರುವಾಗ ಅದು ಬೇಕು. ಮೊಗ್ಗು ಕಟ್ಟುವ ಹೊತ್ತಿಗೂ ಅದನ್ನೇ ಸುರಿದರೆ ಗಿಡ ಎಲೆ ಬಿಡುತ್ತಲೇ ಇರುತ್ತದೆ.

ಪರಿಹಾರಕ್ಕೆ ಮೊದಲು ಎಲ್ಲ ಗೊಬ್ಬರ ನಿಲ್ಲಿಸಿ. ಕುಂಡದ ತೂತು ಸರಿಯಾಗಿದ್ದರೆ ಒಂದು ದಿನ ಧಾರಾಳ ನೀರು ಹಾಕಿ ಕೆಳಗೆ ಹರಿದು ಹೋಗಲು ಬಿಡಿ. ಎರಡು ವಾರ ಬರೀ ನೀರು. ಆಮೇಲೆ ಪೊಟ್ಯಾಶ್ ಕೊಡಿ. 0:0:50 ಎಂದು ಸಿಗುವ ಪೊಟ್ಯಾಸಿಯಂ ಸಲ್ಫೇಟ್ ಆದರೆ ಒಂದು ಲೀಟರ್ ನೀರಿಗೆ 2 ಗ್ರಾಂ, ಹದಿನೈದು ದಿನಕ್ಕೊಮ್ಮೆ ಬುಡಕ್ಕೆ. ಒಲೆ ಬೂದಿ ಇದ್ದರೆ ತಿಂಗಳಿಗೆ ಒಂದು ಹಿಡಿ ಸಾಕು. ಮಲೆನಾಡಿನ ಹುಳಿ ಮಣ್ಣಿಗೆ ಬೂದಿ ಎರಡು ಥರದಲ್ಲಿ ಒಳ್ಳೆಯದು, ಪೊಟ್ಯಾಶೂ ಸಿಗುತ್ತದೆ, ಹುಳಿಯೂ ತಗ್ಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಹಾಕುವ ಊರಿನವರು ಬೂದಿಯಿಂದ ದೂರ ಇರಿ. ಅಲ್ಲಿ ಮಣ್ಣು ಆಗಲೇ ಕ್ಷಾರದ ಕಡೆ ವಾಲಿರುತ್ತದೆ. ಬೂದಿಯನ್ನು ಯೂರಿಯಾ ಜೊತೆ, ಹಸಿ ಸೆಗಣಿ ಜೊತೆ ಮಾತ್ರ ಬೆರೆಸಬೇಡಿ. ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಒಂದು ಮಾತು ಸೇರಿಸಲೇಬೇಕು. ನಿಜವಾದ ಹಸಿವೂ ಇರುತ್ತದೆ. ಶಿರಸಿ, ಸಾಗರ, ಆಗುಂಬೆ ಕಡೆಯ ಮಳೆಗೆ ತೆರೆದಿಟ್ಟ ಕುಂಡದಲ್ಲಿ ಸಾರ ಎಲ್ಲ ತೊಳೆದು ಹೋಗುತ್ತದೆ. ಆಗ ಬುಡದ ಎಲೆಗಳು ಮೊದಲು ತಿಳಿ ಹಳದಿಯಾಗುತ್ತವೆ, ಹೊಸ ಎಲೆ ಸಣ್ಣದಾಗುತ್ತದೆ. ಹಳೇ ಎಲೆಯ ಅಂಚು ಮಾತ್ರ ಸುಟ್ಟ ಹಾಗೆ ಕಂದಾದರೆ ಪೊಟ್ಯಾಶ್ ಕಡಿಮೆ. ಇಂಥ ಗಿಡಕ್ಕೆ ಗೊಬ್ಬರ ಬೇಕು. ಆದರೆ ಒಂದೇ ಸಲ ಜಾಸ್ತಿ ಬೇಡ, ಸ್ವಲ್ಪ ಸ್ವಲ್ಪ ಪದೇ ಪದೇ ಕೊಡಿ. ಸುಡುಮಣ್ಣು (ಕಸಕಡ್ಡಿ ಜೊತೆ ಸುಟ್ಟ ಮಣ್ಣು), ಹಳೇ ಕೊಟ್ಟಿಗೆ ಗೊಬ್ಬರ, ಮುಷ್ಟಿ ಬೇವಿನ ಹಿಂಡಿ ಬೆರೆಸಿ ಮೇಲೆ ಒಂದು ಇಂಚು ಏರಿಸುವುದು ಹಳಬರ ಪದ್ಧತಿ. ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಒಂದೇ ಕೋಲು, ತುದಿಗೆ ಒಂದೇ ಹೂವು

ಇದು ರೋಗವಲ್ಲ. ಗಿಡದ ಸ್ವಭಾವ. ನಡುವಿನ ಕುಡಿ ಇರುವವರೆಗೆ ಪಕ್ಕದ ಕಣ್ಣುಗಳನ್ನು ಅದು ಏಳಲು ಬಿಡುವುದಿಲ್ಲ. ಕುಡಿ ಹೋದ ಕೂಡಲೇ ಪಕ್ಕದವು ಎದ್ದು ಬರುತ್ತವೆ. ಹೂವು ಕವಲಿನ ತುದಿಯಲ್ಲಿ ಬರುವುದರಿಂದ ಕವಲು ಎಷ್ಟೋ ಹೂವು ಅಷ್ಟು.

ಗಿಡ ಒಂದಡಿ ಎತ್ತರ ಬಂದು, ನಾಲ್ಕು ಜೊತೆ ಎಲೆ ಬಿಟ್ಟ ಮೇಲೆ ನಡುವಿನ ಕುಡಿಯನ್ನು ಉಗುರಿನಿಂದ ಚಿವುಟಿ. ನಾಲ್ಕನೇ ಜೊತೆ ಎಲೆಯ ಸ್ವಲ್ಪ ಮೇಲೆ. ಕಾಂಡ ಬಲಿತು ಒಳಗೆ ಟೊಳ್ಳಾಗುವ ಮೊದಲೇ ಮಾಡಬೇಕು. ಟೊಳ್ಳಾದ ಮೇಲೆ ಕತ್ತರಿಸಿದರೆ ಆ ಕೊಳವೆಯಲ್ಲಿ ಮಳೆ ನೀರು ನಿಂತು ಕೊಳೆ ಶುರುವಾಗಬಹುದು. ತಡವಾಗಿದ್ದರೆ ಗಣ್ಣಿನ ಹತ್ತಿರಕ್ಕೆ ಓರೆಯಾಗಿ ಕತ್ತರಿಸಿ.

ಚಿವುಟಲು ಎಲ್ಲರಿಗೂ ಮನಸ್ಸು ಬರುವುದಿಲ್ಲ. ನನ್ನ ತಂಗಿಗೆ ಇವತ್ತಿಗೂ ಬರುವುದಿಲ್ಲ. ಇನ್ನೇನು ಮೊಗ್ಗು ಬರುತ್ತದೆ ಅನ್ನುವಾಗ ಕುಡಿ ಮುರಿಯುವುದು ಕಷ್ಟವೇ. ಚಿವುಟಿದರೆ ಮೊದಲ ಹೂವು ಎರಡು ಮೂರು ವಾರ ತಡವಾಗುತ್ತದೆ, ಅದೂ ನಿಜ. ಹಾಗಾಗಿ ಹಬ್ಬಕ್ಕೆ ಹೂವು ಬೇಕು ಅನ್ನುವವರು ದಿನ ಲೆಕ್ಕ ಹಾಕಿಕೊಳ್ಳಿ. ಗೆಡ್ಡೆ ನೆಟ್ಟು ಹೂವಿಗೆ ಜಾತಿಯ ಮೇಲೆ 8ರಿಂದ 12 ವಾರ, ಚಿವುಟಿದರೆ ಅದರ ಮೇಲೆ ಎರಡು ಮೂರು ವಾರ. ಅನುಮಾನ ಇದ್ದರೆ ಒಂದೇ ಬಣ್ಣದ ಎರಡು ಗಿಡ ತೆಗೆದುಕೊಳ್ಳಿ. ಒಂದನ್ನು ಚಿವುಟಿ, ಇನ್ನೊಂದನ್ನು ಬಿಡಿ. ಹೂವು ಎಣಿಸಿ. ಮುಂದಿನ ವರ್ಷ ನಿಮಗೆ ಯಾರೂ ಹೇಳಬೇಕಾಗಿಲ್ಲ.

ಎಳೆ ಕುಡಿಯನ್ನು ಎಸೆಯಬೇಡಿ. ಮೂರು ನಾಲ್ಕು ಇಂಚು ಉದ್ದ ಇದ್ದರೆ ಕೆಳಗಿನ ಎಲೆ ತೆಗೆದು ಒದ್ದೆ ಮರಳಿನಲ್ಲಿ ಊರಿ, ನೆರಳಲ್ಲಿಡಿ. ಎರಡು ಮೂರು ವಾರಕ್ಕೆ ಬೇರು ಬರುತ್ತದೆ. ಮಲೆನಾಡಿನಲ್ಲಿ ಒಂದು ಮನೆಯ ಬಣ್ಣ ಊರೆಲ್ಲ ಹರಡುವುದು ಹೀಗೇ, ಅಲ್ವಾ?

ಇಲ್ಲೇ ಇನ್ನೊಂದು ವಿಷಯ. ಕವಲಿನ ತುದಿಯಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗು ಇರುತ್ತವೆ, ನಡುವೆ ದೊಡ್ಡದು, ಪಕ್ಕದಲ್ಲಿ ಎರಡು ಸಣ್ಣದು. ಫಲಪುಷ್ಪ ಪ್ರದರ್ಶನಕ್ಕೆ ಬೆಳೆಸುವವರು ಪಕ್ಕದ ಎರಡನ್ನೂ ತೆಗೆಯುತ್ತಾರೆ. ಗಣರಾಜ್ಯೋತ್ಸವದ ಹೊತ್ತಿಗೆ ಲಾಲ್‌ಬಾಗ್‌ನಲ್ಲಿ ದೊಡ್ಡ ದೊಡ್ಡ ಡೇಲಿಯಾ ನೋಡಿ ಬಂದು ಮನೆಯಲ್ಲೂ ಹಾಗೇ ಮಾಡಿದರೆ ಹೂವು ದೊಡ್ಡದಾಗುತ್ತದೆ, ಲೆಕ್ಕ ಕಡಿಮೆಯಾಗುತ್ತದೆ. ಮುಡಿಯಲು, ದೇವರಿಗೆ ಏರಿಸಲು ಹೂವು ಬೇಕು ಅನ್ನುವವರು ಪಕ್ಕದ ಮೊಗ್ಗು ಮುಟ್ಟಬೇಡಿ.

ತಟ್ಟೆಯಗಲ, ಹತ್ತು ಇಂಚಿನ ಹೂವು ಬಿಡುವ ಜಾತಿ ಏನು ಮಾಡಿದರೂ ಒಂದು ಸಲಕ್ಕೆ ಮೂರ್ನಾಲ್ಕಕ್ಕಿಂತ ಜಾಸ್ತಿ ಹೂವು ಹೊರುವುದಿಲ್ಲ. ಅದರಿಂದ ಬುಟ್ಟಿ ತುಂಬ ಹೂವು ಬಯಸುವುದು ಆ ಗಿಡಕ್ಕೆ ಮಾಡುವ ಅನ್ಯಾಯ. ಬುಟ್ಟಿ ತುಂಬಬೇಕಾದರೆ ಚೆಂಡಿನಂಥ ಸಣ್ಣ ಹೂವಿನ ಜಾತಿ ಇಡಿ.

ಮೊಗ್ಗು ಬರುತ್ತದೆ, ಅರಳದೆ ಹೋಗುತ್ತದೆ

ಮೊಗ್ಗನ್ನು ಕಿತ್ತು ಬ್ಲೇಡಿನಿಂದ ಅಡ್ಡ ಸೀಳಿ ನೋಡಿ. ಇಷ್ಟು ಮಾಡಿದರೆ ಅರ್ಧ ಉತ್ತರ ಸಿಗುತ್ತದೆ.

ಒಳಗೆ ತೂತು, ಹಿಕ್ಕೆ ಇದ್ದರೆ ಕಾಯಿಕೊರಕದಂಥ ಹುಳ. ಕೈಯಲ್ಲಿ ಹೆಕ್ಕಿ. ಒಳಗೆ ಕಂದು ಗೀರುಗಳು, ಎಸಳಿನ ಅಂಚು ಸುಟ್ಟಂತೆ ಇದ್ದರೆ ಥ್ರಿಪ್ಸ್. ಬಿಳಿ ಹಾಳೆಯ ಪರೀಕ್ಷೆಯೂ ಅದನ್ನೇ ಹೇಳಿರುತ್ತದೆ. ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಸೋಪಿನ ದ್ರಾವಣ, ಸಂಜೆ ಹೊತ್ತು, ವಾರಕ್ಕೊಮ್ಮೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಕೆಟ್ಟ ಮೊಗ್ಗುಗಳನ್ನು ಕಿತ್ತು ಮನೆಯಿಂದ ದೂರ ಹಾಕಿ, ಕಾಂಪೋಸ್ಟಿಗೆ ಬೇಡ.

ಮೊಗ್ಗು ಮೆತ್ತಗಾಗಿ, ಬೂದು ಬಣ್ಣದ ಬೂಸು ಬಂದರೆ ಅದು ಮಳೆಗಾಲದ ಕೊಳೆ. ಆಶ್ಲೇಷ ಮಳೆಯ ಹೊತ್ತಿಗೆ ಇದು ಜೋರು. ಗಾಳಿ ಆಡುವ ಹಾಗೆ ಕುಂಡಗಳನ್ನು ದೂರ ದೂರ ಇಡಿ, ಬುಡದ ಒಂದು ಅಡಿ ಎಲೆ ತೆಗೆಯಿರಿ. ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣ ಬೆರೆಸಿದ ಕೊಳೆ ಔಷಧಿ) ಅರಳಿದ ಡೇರೆಗೂ ಹೊಡೆಯುವವರಿದ್ದಾರೆ. ಹೂವಿನ ಮೇಲೆಲ್ಲ ನೀಲಿ ಕಲೆ ಬೀಳುತ್ತದೆ.

ಮೊಗ್ಗು ಒಣಗಿ ಕಡಲೆಕಾಳಿನಷ್ಟೇ ಉಳಿದರೆ, ಒಳಗೆ ಹುಳವೂ ಇಲ್ಲದಿದ್ದರೆ, ನೀರಿನ ತೊಂದರೆ. ಟೆರೇಸಿನಲ್ಲಿ ಒಂದು ಮಧ್ಯಾಹ್ನ ಗಿಡ ಪೂರ್ತಿ ಬಾಡಿದರೂ ಸಾಕು. ಸಂಜೆ ನೀರು ಹಾಕಿದ ಮೇಲೆ ಎಲೆ ಎದ್ದು ನಿಲ್ಲುತ್ತದೆ, ಮೊಗ್ಗು ಏಳುವುದಿಲ್ಲ. ಎಂಟು ಇಂಚಿನ ಕುಂಡದಲ್ಲಿ ಎತ್ತರದ ಜಾತಿ ನೆಟ್ಟವರಿಗೆ ಇದು ತಪ್ಪುವುದಿಲ್ಲ. ಎತ್ತರದ ಜಾತಿಗೆ 12 ಇಂಚಿನ ಕುಂಡ ಬೇಕೇ ಬೇಕು. ಗಿಡ್ಡ ಜಾತಿಗೆ 8 ಇಂಚು ನಡೆಯುತ್ತದೆ. ಮಣ್ಣಿನ ಮೇಲೆ ಒಣ ದರಕು (ತರಗೆಲೆ) ಹೊದೆಸಿದರೆ ತೇವ ಉಳಿಯುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಕೂಡ ಆಗುತ್ತದೆ. ಮಣ್ಣು ಒದ್ದೆ ಇದ್ದೂ ಗಿಡ ಬಾಡುತ್ತಿದ್ದರೆ ಬೇರು ಉಸಿರುಕಟ್ಟಿದೆ, ಗೆಡ್ಡೆ ಕೊಳೆಯುತ್ತಿರಬಹುದು. ಬಾಡಿದ್ದು ನೋಡಿ ಮತ್ತೆ ನೀರು ಹಾಕಿದರೆ ಗಿಡ ಹೋಗುತ್ತದೆ. ಕುಂಡವನ್ನು ನೆಲದಿಂದ ಎತ್ತಿ ಎರಡು ಇಟ್ಟಿಗೆಯ ಮೇಲಿಡಿ, ಕಡ್ಡಿಯಿಂದ ತೂತು ಬಿಡಿಸಿ. ತಳಕ್ಕೆ ಹೆಂಚಿನ ಚೂರು ಹಾಕುವಾಗ ತೂತಿನ ಮೇಲೆ ಅಂಗಾತ ಮುಚ್ಚಬೇಡಿ, ಕಮಾನಿನ ಹಾಗೆ ಇಡಿ.

ಮೊಗ್ಗೇ ರಾತ್ರೋರಾತ್ರಿ ಮಾಯ ಆಗಿದ್ದರೆ ಬಸವನಹುಳ. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಹೋಗಿ ಹೆಕ್ಕಿ.

ಮೊದಲ ಸುತ್ತು ಚೆಂದ, ಆಮೇಲೆ ನಿಂತುಹೋಯಿತು

ಬಾಡಿದ ಹೂವನ್ನು ಗಿಡದಲ್ಲೇ ಬಿಟ್ಟಿರುತ್ತೀರಿ. ಗಿಡಕ್ಕೆ ಹೂವು ಅಂದರೆ ಬೀಜದ ದಾರಿ. ಬೀಜ ಬಲಿಯತೊಡಗಿದರೆ ಅದರ ಶಕ್ತಿಯೆಲ್ಲ ಅಲ್ಲಿಗೆ ಹೋಗುತ್ತದೆ, ಹೊಸ ಮೊಗ್ಗು ನಿಧಾನವಾಗುತ್ತದೆ.

ಎಲ್ಲರೂ "ನಾನು ಕೀಳುತ್ತೇನಲ್ಲ" ಅನ್ನುತ್ತಾರೆ. ಹೇಗೆ ಕೀಳುತ್ತೀರಿ ಅಂತ ಕೇಳಿದರೆ ಹೂವಿನ ತಲೆ ಮಾತ್ರ ಚಿವುಟುತ್ತಾರೆ. ತೊಟ್ಟು ಅಲ್ಲೇ ನಿಂತಿರುತ್ತದೆ. ಅದು ಒಣಗುತ್ತಾ ಕೆಳಗಿನ ಗಣ್ಣಿನವರೆಗೆ ಬರುತ್ತದೆ. ಅಲ್ಲಿಂದ ಹೊಸ ಚಿಗುರು ಬಂದರೂ ಸಣಕಲು, ಹೂವೂ ಗಿಡ್ಡ ತೊಟ್ಟಿನದು. ಸರಿಯಾದ ಕ್ರಮ ಹೀಗಿದೆ. ತೊಟ್ಟನ್ನು ಹಿಡಿದು ಕೆಳಗೆ ಇಳಿಯಿರಿ. ಗಟ್ಟಿಯಾದ ಒಂದು ಜೊತೆ ಎಲೆ, ಅದರ ಕಂಕುಳಲ್ಲಿ ಏಳುತ್ತಿರುವ ಎರಡು ಚಿಗುರು ಸಿಗುವ ತನಕ. ಅದರ ಸ್ವಲ್ಪ ಮೇಲೆ ಕತ್ತರಿಸಿ. ಒಂದು ಕಡಿತಕ್ಕೆ ಎರಡು ಹೊಸ ಕವಲು. ಮುಡಿಯಲು, ಹೂದಾನಿಗೆ ಕೊಯ್ಯುವಾಗಲೂ ಹೀಗೇ ಉದ್ದ ತೊಟ್ಟಿನ ಜೊತೆ ಕೊಯ್ಯಿರಿ. ದಿನವೂ ಹೂವು ಕೊಯ್ಯುವ ಮನೆಯಲ್ಲಿ ಡೇರೆ ನಿಲ್ಲದೆ ಬಿಡುವುದಕ್ಕೆ ಇದೇ ಕಾರಣ.

ಹೊಸಬರಿಗೆ ಬಾಡಿದ ಹೂವು ಮತ್ತು ಮೊಗ್ಗು ಗುರುತು ಸಿಗುವುದಿಲ್ಲ. ಎಸಳು ಉದುರಿದ ಮೇಲೆ ಎರಡೂ ಹಸಿರು ಗಂಟು. ಮೊಗ್ಗು ಗುಂಡಗೆ, ಮೇಲೆ ಚಪ್ಪಟೆ, ಅಂಗಿಯ ಗುಂಡಿಯ ಹಾಗೆ ಗಟ್ಟಿ. ಬಾಡಿದ್ದು ತುದಿ ಚೂಪು, ಶಂಕುವಿನ ಹಾಗೆ. ಹಿಂಡಿದರೆ ಮೆತ್ತಗೆ, ಒದ್ದೆ. ನಾಲ್ಕು ಸಲ ಮುಟ್ಟಿ ನೋಡಿದರೆ ಬೆರಳಿಗೇ ಗೊತ್ತಾಗುತ್ತದೆ.

ಕತ್ತರಿಸಿ ಎಷ್ಟು ದಿನ ಕಾಯಬೇಕು? ಬಟಾಣಿ ಗಾತ್ರದ ಮೊಗ್ಗು ಅರಳಲು ಮೂರು ನಾಲ್ಕು ವಾರ. ಅದಕ್ಕೆ ಮೊದಲು ಚಿಗುರು ಬೆಳೆಯಬೇಕು. ಹಾಗಾಗಿ ಒಂದು ತಿಂಗಳು ಸುಮ್ನೆ ಇರಿ. ನಡುವೆ ಐದಾರು ಔಷಧಿ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

ಹೂವು ಸಣ್ಣದಾಯಿತು, ನಡುವೆ ಹಳದಿ ಕಣ್ಣು ಕಾಣುತ್ತಿದೆ

ತುಂಬುಹೂವಿನ ಜಾತಿಯಲ್ಲಿ ನಡುವಿನ ಹಳದಿ ಕಾಣಬಾರದು. ಕಾಣತೊಡಗಿದರೆ ಎರಡು ಸಾಧ್ಯತೆ ಇದೆ. ಗಿಡ ದಣಿದಿದೆ, ಅಥವಾ ಹಗಲು ಚಿಕ್ಕದಾಗಿದೆ.

ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಡೇರೆಯ ಹುಟ್ಟೂರು ಮೆಕ್ಸಿಕೋದ ಎತ್ತರದ ಬೆಟ್ಟಸೀಮೆ. 1789ರಲ್ಲಿ ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್‌ಗೆ ಬಂತು. 1791ರಲ್ಲಿ ಅಲ್ಲಿನ ಸಸ್ಯವಿಜ್ಞಾನಿ ಕವನಿಲ್ಲೆಸ್ ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಅವರ ನೆನಪಿಗೆ ಡಾಲಿಯಾ ಎಂದು ಹೆಸರಿಟ್ಟರು. 1963ರಿಂದ ಅದು ಮೆಕ್ಸಿಕೋದ ರಾಷ್ಟ್ರೀಯ ಹೂವು. ಆ ಬೆಟ್ಟಗಳಲ್ಲಿ ಬೇಸಿಗೆಯಲ್ಲಿ ಮಳೆ, ತಂಪು, ಉದ್ದ ಹಗಲು. ಗಿಡ ಆಗ ಬೆಳೆದು ಹೂ ಬಿಡುತ್ತದೆ. ಹಗಲು 12 ಗಂಟೆಗಿಂತ ಕಡಿಮೆಯಾದಾಗ ಒಣ ಕಾಲ ಬರುತ್ತಿದೆ ಅಂತ ತಿಳಿದು ಊಟವನ್ನೆಲ್ಲ ಗೆಡ್ಡೆಗೆ ಇಳಿಸುತ್ತದೆ. ಎಷ್ಟೇ ಗೊಬ್ಬರ ಹಾಕಿದರೂ ಈ ಬುದ್ಧಿಯನ್ನು ಬದಲಿಸಲಾಗದು.

ಮಲೆನಾಡಿನ ಮಳೆಗಾಲ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಜೂನ್‌ನಲ್ಲಿ ನಮ್ಮ ಹಗಲು ಸುಮಾರು 13 ಗಂಟೆ. ಡಿಸೆಂಬರ್‌ನಲ್ಲಿ ಹನ್ನೊಂದು ಕಾಲು ಗಂಟೆಯ ಆಸುಪಾಸು. ಬೆಂಗಳೂರು, ಮೈಸೂರಿನಲ್ಲಿ ಚಳಿಗಾಲದ ಹೂವಿಗೆ ಗಿಡ ನೆಡುವವರು ಎಡವುವುದು ಇಲ್ಲೇ. ನವೆಂಬರ್‌ನಲ್ಲಿ ನೆಟ್ಟರೆ ಗಿಡ ಮೈ ತುಂಬುವ ಮೊದಲೇ ಹಗಲು ಚಿಕ್ಕದಾಗಿರುತ್ತದೆ. ಗೇಣುದ್ದ ಬೆಳೆದು, ಎರಡು ಬಡಕಲು ಹೂವು ಬಿಟ್ಟು ಗೆಡ್ಡೆ ಕಟ್ಟಲು ಕೂರುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಒಳ್ಳೆಯ ಸಮಯ. ಅಕ್ಟೋಬರ್ ಮೊದಲ ವಾರ ದಾಟಬೇಡಿ. ಆಗಲೇ ತಡವಾಗಿದ್ದರೆ ಸಂಜೆ ಕತ್ತಲಾದ ಮೇಲೆ ಎರಡು ಮೂರು ಗಂಟೆ ಗಿಡದ ಮೇಲೆ ಎಲ್‌ಇಡಿ ಬಲ್ಬ್ ಉರಿಸಿ ನೋಡಿ. ಗಿಡಕ್ಕೆ ಹಗಲು ಉದ್ದವಾದಂತೆ ಅನ್ನಿಸುತ್ತದೆ. ನನ್ನ ಟೆರೇಸಿನ ನಾಲ್ಕು ಕುಂಡಗಳಿಗೆ ಒಂದು ವರ್ಷ ಹೀಗೆ ಮಾಡಿದೆ, ಬಲ್ಬ್ ಇಲ್ಲದ ನಾಲ್ಕಕ್ಕಿಂತ ಅವು ಎತ್ತರವೂ ಬಂದವು, ಹೂವಿನ ನಡುವೂ ಮುಚ್ಚಿತು.

ಮಾರ್ಚ್ ನಂತರದ ಕಥೆ ಬೇರೆ. 32 ಡಿಗ್ರಿ ದಾಟಿದ ಬಿಸಿಲಿಗೆ ಹೂವು ತಾನಾಗಿ ಕಡಿಮೆಯಾಗುತ್ತದೆ, ಎಲೆ ಕೆಳಗೆ ನುಸಿ ಬಲೆ ಕಟ್ಟುತ್ತದೆ. ಎಲೆಯ ಕೆಳಗೆ ಪೈಪಿನಿಂದ ನೀರು ಹೊಡೆಯಿರಿ, ಮಧ್ಯಾಹ್ನ ನೆರಳುಬಲೆ ಕಟ್ಟಿ. ಆದರೆ ಆ ಹೊತ್ತಿಗೆ ಗಿಡ ವಿಶ್ರಾಂತಿ ಕೇಳುತ್ತಿರುತ್ತದೆ. ಕೊಡಿ.

ಗಿಡವೇ ಗಿಡ್ಡ, ಎಲೆಯ ನರ ಹಳದಿ

ಎಲೆಯ ನಡುನರದ ಉದ್ದಕ್ಕೂ ತಿಳಿಹಳದಿ ಪಟ್ಟಿ, ಎಲೆ ಸುಕ್ಕು, ಗಣ್ಣು ಗಣ್ಣು ಕೂಡಿಕೊಂಡು ಗಿಡ ಪೊದೆಯಂತಾಗಿದೆ ಅಂದರೆ ಮೊಸಾಯಿಕ್ ವೈರಸ್ ಇರಬಹುದು. ಇದಕ್ಕೆ ಔಷಧಿ ಇಲ್ಲ. ಸಸ್ಯಹೇನುಗಳು ಇದನ್ನು ಹರಡುತ್ತವೆ, ಗೆಡ್ಡೆ ಮತ್ತು ಕುಡಿಯ ಮೂಲಕವೂ ಹೋಗುತ್ತದೆ. ಎಷ್ಟೇ ಇಷ್ಟದ ಬಣ್ಣ ಇದ್ದರೂ ಕಿತ್ತು ಸುಡಿ. ಅಮ್ಮನ ಹತ್ತಿರ ಇದ್ದ ಅಂಚು ಬಿಳಿಯ ನೇರಳೆ ಬಣ್ಣವೊಂದನ್ನು ಹೀಗೆ ಕಳೆದುಕೊಂಡೆವು. ಅದನ್ನು ಒಂದು ವರ್ಷ ಮುಂಚೆಯೇ ಕಿತ್ತಿದ್ದರೆ ಪಕ್ಕದ ಐದು ಗಿಡ ಉಳಿಯುತ್ತಿದ್ದವು. ಕತ್ತರಿಯನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸೋಪು ನೀರಿನಲ್ಲಿ ತೊಳೆಯಿರಿ.

ಗೆಡ್ಡೆಯೇ ಏಳಲಿಲ್ಲ ಅಂದರೆ

ಡೇರೆ ಗೆಡ್ಡೆ ಆಲೂಗಡ್ಡೆಯ ಹಾಗಲ್ಲ. ಮೈಯಲ್ಲೆಲ್ಲ ಕಣ್ಣು ಇರುವುದಿಲ್ಲ. ಹಳೇ ಕಾಂಡಕ್ಕೆ ಅಂಟಿದ ಕುತ್ತಿಗೆಯ ಹತ್ತಿರ ಮಾತ್ರ ಇರುತ್ತದೆ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪ ಇರಲಿ, ಅದು ಏಳುವುದಿಲ್ಲ. ಒಂದು ನರ್ಸರಿಯಿಂದ ಆರು ಗೆಡ್ಡೆ ತಂದಿದ್ದೆ. ಎರಡು ತಿಂಗಳು ನೀರು ಹಾಕಿದೆ. ಅಗೆದು ನೋಡಿದರೆ ನಾಲ್ಕಕ್ಕೆ ಕುತ್ತಿಗೆಯೇ ಇರಲಿಲ್ಲ, ಬರೀ ಬೇರಿನ ತುಂಡು. ಕೊಳ್ಳುವಾಗ ಕಾಂಡದ ಚೂರು ಅಂಟಿಕೊಂಡಿದೆಯಾ, ಅಲ್ಲಿ ಗುಲಾಬಿ ಅಥವಾ ಹಸಿರು ಮೊಳಕೆಯ ಚುಕ್ಕಿ ಇದೆಯಾ ನೋಡಿ. ಇಲ್ಲದಿದ್ದರೆ ಬೇಡ ಅನ್ನಿ.

ಮುಂದಿನ ವರ್ಷಕ್ಕೆ ಗೆಡ್ಡೆ ಆರಿಸುವ ಕೆಲಸವನ್ನು ಈಗಲೇ, ಹೂವಿರುವಾಗಲೇ ಮಾಡಿ. ಯಾವ ಗಿಡ ಹೆಚ್ಚು ಹೂವು ಬಿಟ್ಟಿತೋ ಅದರ ಬುಡಕ್ಕೆ ಬಣ್ಣದ ದಾರ ಕಟ್ಟಿ, ಹೂವಿನ ಬಣ್ಣ ಬರೆದ ಚೀಟಿ ಸಿಕ್ಕಿಸಿ. ಮಳೆ ನಿಂತು ಗಿಡ ಒಣಗಿದ ಮೇಲೆ ಗೆಡ್ಡೆ ಎತ್ತಿ, ಮಣ್ಣು ಕೊಡವಿ, ಒಣ ಮರಳು ತುಂಬಿದ ಪೆಟ್ಟಿಗೆಯಲ್ಲಿ ನೆರಳಲ್ಲಿಡಿ. ದಾರ ಕಟ್ಟುವುದನ್ನು ಮುಂದೂಡಬೇಡಿ. ನವೆಂಬರ್‌ನಲ್ಲಿ ಎಲ್ಲ ಗಿಡಗಳೂ ಒಂದೇ ಥರದ ಒಣ ಕಡ್ಡಿಗಳಾಗಿರುತ್ತವೆ.